ಸಾವಿರ ಸಣ್ಣ ಕೋಣೆಗಳ ಬೆಂಗಳೂರು

ಬೆಂಗಳೂರಿನಲ್ಲಿ ನಾವೀನ್ಯದ ಮಾತು ನಡೆಯುವುದು ಎಕರೆ ಲೆಕ್ಕದಲ್ಲಿ. 1970ರ ದಶಕದ ಕೊನೆಗೆ ರಾಜ್ಯ ಸರ್ಕಾರದ ಎಲೆಕ್ಟ್ರಾನಿಕ್ಸ್ ನಿಗಮ ಕಿಯೋನಿಕ್ಸ್ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಕಟ್ಟಲು ಹೊರಟಾಗಲೂ ಹಾಗೇ, ಇವತ್ತಿನ ಟೆಕ್ ಪಾರ್ಕುಗಳ ಪ್ರಕಟಣೆಗಳಲ್ಲೂ ಹಾಗೇ. ಅದರಿಂದ ಊರಿಗೆ ಸಿಕ್ಕ ಅನ್ನವನ್ನು ಯಾರೂ ಅಲ್ಲಗಳೆಯುವಂತಿಲ್ಲ. ಆದರೆ ನಾಲ್ಕು ಜನ ಸೇರಿ ಒಂದು ಯಂತ್ರದ ಮಾದರಿ ಮಾಡಬೇಕು, ನಾಟಕದ ತಾಲೀಮು ನಡೆಸಬೇಕು, ಪುಟ್ಟದೊಂದು ಮುದ್ರಣದ ಘಟಕ ಹಾಕಬೇಕು ಅಂದಾಗ ಬೇಕಾಗುವುದು 300ರಿಂದ 600 ಚದರಡಿಯ ಒಂದು ಕೋಣೆ. ಬಾಡಿಗೆ ಕೈಗೆಟುಕಬೇಕು, ರಾತ್ರಿ ಹತ್ತರ ತನಕ ಸದ್ದು ಮಾಡಲು ಬಿಡಬೇಕು, ನಾಳೆ ಯಾರೋ ನೋಟಿಸ್ ಹಿಡಿದು ಬಾಗಿಲಿಗೆ ಬರಬಾರದು. ಈ ಮೂರೂ ಒಟ್ಟಿಗಿರುವ ಕೋಣೆ ಬೆಂಗಳೂರಿನಲ್ಲಿ ಅಪರೂಪ. ಜಾಗದ ಬೆಲೆ ಒಂದು ಕಾರಣ, ನಾವೇ ಬರೆದುಕೊಂಡ ನಿಯಮಗಳು ಇನ್ನೂ ದೊಡ್ಡ ಕಾರಣ.

ನಾನಿರುವ ಮೆಲ್ಬರ್ನ್ ಈ ವಿಷಯದಲ್ಲಿ ಸ್ವರ್ಗವೇನಲ್ಲ. ಸ್ವಾನ್‌ಸ್ಟನ್ ರಸ್ತೆಯ ನಿಕೊಲಸ್ ಬಿಲ್ಡಿಂಗ್ 1926ರ ಕಟ್ಟಡ, ಅದರ ಮಹಡಿಗಳ ತುಂಬ ದರ್ಜಿಗಳು, ಆಭರಣ ಮಾಡುವವರು, ಚಿತ್ರಕಾರರು. 2021ರಲ್ಲಿ ಅದು ಮಾರಾಟಕ್ಕೆ ಬಂದಾಗ ಅವರಿಗೆಲ್ಲ ಸಭೆ, ಮನವಿ, ಚಳವಳಿ ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಫಿಟ್ಜ್‌ರಾಯ್, ಕಾಲಿಂಗ್‌ವುಡ್‌ಗಳ ಕಲಾವಿದರು ಬಾಡಿಗೆಯ ಏಟಿಗೆ ಊರಿನ ಹೊರಗೆ ಸರಿಯುತ್ತಲೇ ಇದ್ದಾರೆ. ಆದರೂ ಇಲ್ಲಿ ಕೆಲವು ನಿಯಮಗಳನ್ನು ಸಣ್ಣವರ ಅಳತೆಗೆ ಬರೆದಿದ್ದಾರೆ. ಅವುಗಳಲ್ಲಿ ಬೆಂಗಳೂರಿಗೆ ಹೊಂದುವುದು ಯಾವುದು, ಹೊಂದದ್ದು ಯಾವುದು ಅನ್ನುವುದಷ್ಟೇ ನನ್ನ ವಿಷಯ.

ಸಣ್ಣ ಜಾಗದಿಂದ ಏನು ಹುಟ್ಟುತ್ತದೆ ಎಂಬುದಕ್ಕೆ ಬೆಂಗಳೂರಿಗೆ ಪರದೇಶದ ಸಾಕ್ಷಿ ಬೇಕಿಲ್ಲ. 1983ರಲ್ಲಿ ಜಯನಗರದಲ್ಲಿ ಆರ್. ಪ್ರಭಾಕರ್ ತೆರೆದ ಕೆಫೆ ದರ್ಶಿನಿ ಹೋಟೆಲಿನಿಂದ ಕುರ್ಚಿಯನ್ನೂ ಸಪ್ಲೈಯರನ್ನೂ ತೆಗೆದುಹಾಕಿತು. ನಿಂತು ತಿನ್ನುವ ಕಟ್ಟೆ, ಕಣ್ಣೆದುರಿಗೇ ಅಡುಗೆ, ಮೊದಲು ದುಡ್ಡು ಆಮೇಲೆ ದೋಸೆ. ಜಾಗ ಕಡಿಮೆ ಸಾಕು, ಬಂಡವಾಳ ಕಡಿಮೆ ಸಾಕು, ಚದರಡಿಯೊಂದಕ್ಕೆ ದಿನಕ್ಕೆ ಸಿಗುವ ಗಿರಾಕಿ ಮಾತ್ರ ಹಲವು ಪಟ್ಟು. ಇದಕ್ಕಿಂತ ಅಚ್ಚುಕಟ್ಟಾದ ವ್ಯಾಪಾರ ನಾವೀನ್ಯ ಈ ಊರಿನಲ್ಲಿ ಎಷ್ಟಿದೆಯೋ ಕಾಣೆ. ಇಂಥದ್ದೊಂದನ್ನು ಇವತ್ತು ಹೊಸ ಕಟ್ಟಡದಲ್ಲಿ ಕಾನೂನಿನ ಪ್ರಕಾರ ಶುರುಮಾಡಲು ಹೋದರೆ ಮೊದಲು ಅಡ್ಡ ಬರುವುದು ಕಾರು. ವಾಣಿಜ್ಯ ಬಳಕೆಗೆ ಸುಮಾರು 50 ಚದರ ಮೀಟರಿಗೊಂದು ಕಾರಿನ ಜಾಗ ತೋರಿಸಬೇಕು. ಒಂದು ಕಾರಿಗೆ 2.5 ಮೀಟರ್ ಅಗಲ, 5.5 ಮೀಟರ್ ಉದ್ದ ಅಂದರೆ 13.75 ಚದರ ಮೀಟರ್. ಒಳಗೆ ಬಂದು ತಿರುಗುವ ಜಾಗ ಸೇರಿದರೆ ಅದರ ದುಪ್ಪಟ್ಟು. 20-30 ನಿವೇಶನದಲ್ಲಿ ನೆಲಮಹಡಿಯ ಅರ್ಧ ಅಲ್ಲಿಗೇ ಹೋಯಿತು, ಉಳಿದ ಅರ್ಧಕ್ಕೆ ಇಡೀ ನಿವೇಶನದ ಬಾಡಿಗೆ ಬಿತ್ತು. ಮೆಲ್ಬರ್ನ್‌ನ ನಡುಪೇಟೆಯಲ್ಲಿ ಇದಕ್ಕೆ ತದ್ವಿರುದ್ಧ: ಅಲ್ಲಿ ಪಾರ್ಕಿಂಗ್‌ಗೆ ಇರುವುದು ಗರಿಷ್ಠ ಮಿತಿ, ಕನಿಷ್ಠ ಷರತ್ತಲ್ಲ. 100 ಚದರ ಮೀಟರಿಗಿಂತ ಚಿಕ್ಕ ಘಟಕಗಳಿಗೆ, ಮೆಟ್ರೋ ನಿಲ್ದಾಣದಿಂದ ನಡೆಯುವಷ್ಟು ದೂರದಲ್ಲಿದ್ದರೆ, ಬೆಂಗಳೂರು ಈ ಷರತ್ತನ್ನು ಪೂರ್ತಿ ಕೈಬಿಡಬಹುದು. ಖಜಾನೆಯಿಂದ ಒಂದು ರೂಪಾಯಿಯೂ ಹೋಗುವುದಿಲ್ಲ.

ಪಾರ್ಕಿಂಗ್‌ಗಿಂತ ಬಿಗಿಯಾದ ಗಂಟು ಓಸಿಯದು. ಪ್ಲಾನ್ ಮಂಜೂರಾತಿ, ಕೆಲಸ ಶುರುಮಾಡುವ ಪತ್ರ, ಮುಗಿದ ಮೇಲೆ ಸ್ವಾಧೀನಾನುಭವ ಪತ್ರ ಅಂದರೆ ಓಸಿ, ಹೀಗೆ ಮೂರು ಹಂತ. ಬೆಂಗಳೂರಿನ ಸಣ್ಣ ಕಟ್ಟಡಗಳ ಬಹುಪಾಲು ಮೂರನೇ ಹಂತ ಮುಟ್ಟಿಲ್ಲ. ಸೆಟ್‌ಬ್ಯಾಕ್ ನುಂಗಿದ್ದಾರೆ, ಮೇಲೊಂದು ಮಹಡಿ ಏರಿಸಿದ್ದಾರೆ, ಕಂದಾಯ ನಿವೇಶನದಲ್ಲಿ ಕಟ್ಟಿದ್ದಾರೆ. ಇದನ್ನು ಸರಿಪಡಿಸುವ ಅಕ್ರಮ-ಸಕ್ರಮ ಯೋಜನೆಗೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಅಲ್ಲಿಯವರೆಗೂ, ಅದರ ನಂತರವೂ ಸಣ್ಣ ಉದ್ದಿಮೆಗಳು ನಡೆದದ್ದು ಕಂಡೂ ಕಾಣದ ಹಾಗಿರುವ ಅಧಿಕಾರಿಗಳ ಕೃಪೆಯಿಂದ. ಆ ಕೃಪೆಗೊಂದು ಬೆಲೆ ಇರುತ್ತದೆ ಅನ್ನುವುದನ್ನು ಬಿಡಿಸಿ ಹೇಳಬೇಕಿಲ್ಲ.

2024ರ ಡಿಸೆಂಬರ್ 17ರಂದು ಉತ್ತರ ಪ್ರದೇಶದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಆ ಸಂದನ್ನೂ ಮುಚ್ಚಿತು. ಓಸಿ ಇಲ್ಲದೆ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡಬಾರದು, ಅನಧಿಕೃತ ಕಟ್ಟಡದಲ್ಲಿ ವ್ಯಾಪಾರಕ್ಕೆ ಯಾವ ಸಂಸ್ಥೆಯೂ ಪರವಾನಗಿ ಕೊಡಬಾರದು ಎಂಬ ನಿರ್ದೇಶನ ಇಡೀ ದೇಶಕ್ಕೆ ಅನ್ವಯಿಸಿತು. 2025ರಲ್ಲಿ ಬೆಸ್ಕಾಂ ಹೊಸ ಸಂಪರ್ಕಗಳನ್ನು ನಿಲ್ಲಿಸಿದಾಗ ಬೊಬ್ಬೆ ಎದ್ದು, 1,200 ಚದರಡಿವರೆಗಿನ ನಿವೇಶನದ ಸಣ್ಣ ಮನೆಗಳಿಗೆ ರಾಜ್ಯ ಸರ್ಕಾರ ವಿನಾಯಿತಿ ಕೊಟ್ಟಿತು. ಆ ವಿನಾಯಿತಿ ವಾಸದ ಮನೆಗಳಿಗೆ. ಸ್ಟುಡಿಯೋ, ತಾಲೀಮಿನ ಕೋಣೆ, ಎರಡು ಲೇತ್ ಇರುವ ಶೆಡ್ ಅದರೊಳಗೆ ಬರುವುದಿಲ್ಲ. ಕೋರ್ಟಿನ ತರ್ಕ ತಪ್ಪೆಂದು ಹೇಳಲೂ ಆಗದು. 2010ರ ಫೆಬ್ರವರಿಯಲ್ಲಿ ಹಳೇ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಬಿದ್ದು 9 ಜನ ಸತ್ತದ್ದನ್ನು ಬೆಂಗಳೂರು ಮರೆತಿಲ್ಲ. ಹಾಗಾಗಿ "ಸಣ್ಣವರಿಗೆ ಓಸಿ ಮಾಫಿ ಮಾಡಿ" ಎಂಬ ಜನಪ್ರಿಯ ಬೇಡಿಕೆ ಕಾನೂನಿನ ಮುಂದೆ ನಿಲ್ಲುವುದಿಲ್ಲ. ಖಾಸಗಿ ಕೋಣೆಗಳ ಬೀಗ ಸದ್ಯಕ್ಕಂತೂ ತೆಗೆಯುವುದು ಕಷ್ಟ.

ಉಳಿಯುವ ದಾರಿ ಸರ್ಕಾರದ ಸ್ವಂತ ಮಹಡಿಗಳು. ಕೇಂದ್ರದ ನಗರ ಪುನರುಜ್ಜೀವನ ಯೋಜನೆಯಾದ ಜೆನರ್ಮ್ ಹಣದಲ್ಲಿ ಬಿಎಂಟಿಸಿ ಕಟ್ಟಿದ ಟಿಟಿಎಂಸಿ ಎಂಬ ಬಸ್ ನಿಲ್ದಾಣದ ಸಂಕೀರ್ಣಗಳನ್ನು ನೋಡಿ. ಶಾಂತಿನಗರ, ಜಯನಗರ, ಯಶವಂತಪುರ, ಕೋರಮಂಗಲ, ದೊಮ್ಮಲೂರು, ವಿಜಯನಗರ, ಬನಶಂಕರಿ, ಕೆಂಗೇರಿ. ಕೆಳಗೆ ಬಸ್ಸು, ಮೇಲೆ ಬಾಡಿಗೆ ಮಹಡಿ ಎಂಬುದು ಲೆಕ್ಕಾಚಾರ. ಮೇಲಿನ ಎಷ್ಟೋ ಮಹಡಿಗಳಿಗೆ ವರ್ಷಗಟ್ಟಲೆ ಬಾಡಿಗೆದಾರರೇ ಸಿಗಲಿಲ್ಲ, ಸಿಕ್ಕ ಕಡೆ ಸರ್ಕಾರಿ ಕಚೇರಿಗಳೇ ಹೋಗಿ ಕೂತವು. ಬಿಡಿಎ ಕಾಂಪ್ಲೆಕ್ಸುಗಳಿವೆ, ಪಾಲಿಕೆಯ ಮಾರುಕಟ್ಟೆಗಳಿವೆ, ಮೆಟ್ರೋ ಕಂಬಗಳ ಕೆಳಗಿನ ಜಾಗವಿದೆ. ಹೀಗೆ ಮಾಡಿದರೆ ಆಗುತ್ತದೆ ಎಂಬುದಕ್ಕೆ ಊರಿನಲ್ಲೇ ಉದಾಹರಣೆಗಳಿವೆ. ಹಲಸೂರು ಮೆಟ್ರೋ ನಿಲ್ದಾಣದ ಕೆಳಗೆ, ಉಪಕರಣಗಳನ್ನು ಹಂಚಿಕೊಂಡು ಮಾದರಿಗಳನ್ನು ಮಾಡುವ ಒಂದು ಮೇಕರ್‌ಸ್ಪೇಸ್ ಬಂತು. ಎಂ.ಜಿ. ರಸ್ತೆಯ ನಿಲ್ದಾಣಕ್ಕೆ ಹೊಂದಿಕೊಂಡು 2013ರಲ್ಲಿ ರಂಗೋಲಿ ಕಲಾಕೇಂದ್ರ ಬಂತು. ಜೆ.ಪಿ. ನಗರದ ರಂಗಶಂಕರ ನಿಂತಿರುವುದೇ ನಾಗರಿಕ ಸೌಲಭ್ಯದ ನಿವೇಶನದಲ್ಲಿ. ಆದರೆ ಅಲ್ಲೊಂದು ಪಾಠವೂ ಇದೆ: ಜಾಗ ಸಿಕ್ಕಿ, ಹಣ ಕೂಡಿಸಿ, ಕಟ್ಟಿ 2004ರಲ್ಲಿ ಬಾಗಿಲು ತೆರೆಯುವ ಹೊತ್ತಿಗೆ ಹತ್ತು ವರ್ಷ ಹಿಡಿಯಿತು. ಅಷ್ಟು ತಾಳ್ಮೆ, ಅಷ್ಟು ಹೆಸರು, ಅಷ್ಟು ಬೆಂಬಲ ಎಷ್ಟು ತಂಡಗಳಿಗಿದೆ? ಕಟ್ಟಿ ನಿಂತಿರುವ ಮಹಡಿಯನ್ನು ತಿಂಗಳೊಳಗೆ ತೆರೆಯುವ ವಿಧಾನವೊಂದು ಬೇಕು.

ಅಂಥ ವಿಧಾನ ಆಸ್ಟ್ರೇಲಿಯಾದ ನ್ಯೂಕ್ಯಾಸಲ್‌ನಲ್ಲಿತ್ತು. ಸಿಡ್ನಿಯ ಉತ್ತರಕ್ಕಿರುವ ಬಂದರು ಊರು ಅದು. 1989ರಲ್ಲಿ ಭೂಕಂಪ, 1999ರಲ್ಲಿ ಬಿಎಚ್‌ಪಿ ಉಕ್ಕಿನ ಕಾರ್ಖಾನೆಗೆ ಬೀಗ, ಗಿರಾಕಿಗಳೆಲ್ಲ ಹೊರವಲಯದ ಮಾಲ್‌ಗಳಿಗೆ. 2008ರ ಸುಮಾರಿಗೆ ಎರಡು ಮುಖ್ಯ ಬೀದಿಗಳಲ್ಲೇ 150ರಷ್ಟು ಖಾಲಿ ಜಾಗಗಳಿದ್ದವು. ಮಾರ್ಕಸ್ ವೆಸ್ಟ್‌ಬರಿ ಶುರುಮಾಡಿದ ರಿನ್ಯೂ ನ್ಯೂಕ್ಯಾಸಲ್ ಎಂಬ ಲಾಭರಹಿತ ಸಂಸ್ಥೆ ಬಾಡಿಗೆ ಕರಾರಿನ ಗೋಜಿಗೇ ಹೋಗಲಿಲ್ಲ. ಮಾಲೀಕರಿಂದ 30 ದಿನಕ್ಕೊಮ್ಮೆ ಮುಂದುವರಿಯುವ ಪರವಾನಗಿ ಪಡೆದು, ಅದೇ ಷರತ್ತಿನಲ್ಲಿ ಕಲಾವಿದರಿಗೆ, ಕುಶಲಕರ್ಮಿಗಳಿಗೆ ಕೊಟ್ಟಿತು. ಪೂರ್ತಿ ಬಾಡಿಗೆ ಕೊಡುವವರು ಬಂದರೆ ಒಂದು ತಿಂಗಳ ನೋಟಿಸಿನಲ್ಲಿ ಜಾಗ ವಾಪಸ್. ಸಾರ್ವಜನಿಕ ಹೊಣೆಯ ವಿಮೆಯನ್ನು ಎಲ್ಲರ ಪರವಾಗಿ ಸಂಸ್ಥೆಯೇ ಮಾಡಿಸಿತು. ಮಾಲೀಕರು ಒಪ್ಪಿದ್ದು ಕಲೆಯ ಮೇಲಿನ ಪ್ರೀತಿಗಿಂತ ಹೆಚ್ಚಾಗಿ, ಕಳೆದುಕೊಳ್ಳುವುದು ಏನೂ ಇರಲಿಲ್ಲ ಎಂಬ ಕಾರಣಕ್ಕೆ. ಬೀದಿ ಚೇತರಿಸಿಕೊಂಡಿತು, ಬಾಡಿಗೆಗಳು ಏರಿದವು, ಖಾಲಿ ಅಂಗಡಿಗಳು ಕಡಿಮೆಯಾದವು, 2019ರಲ್ಲಿ ಸಂಸ್ಥೆ ಮುಚ್ಚಿತು. ಇದನ್ನು ಸೋಲು ಅನ್ನುವವರಿದ್ದಾರೆ. ಖಾಲಿ ಜಾಗ ತುಂಬಲೆಂದೇ ಹುಟ್ಟಿದ ಸಂಸ್ಥೆ ಖಾಲಿ ಜಾಗ ಮುಗಿದಾಗ ಮುಗಿದರೆ ನನಗೇನೂ ಬೇಸರವಿಲ್ಲ.

ಬೆಂಗಳೂರಿನ ರೂಢಿ ಇದಕ್ಕೆ ಪೂರ್ತಿ ಉಲ್ಟಾ. 11 ತಿಂಗಳ ಕರಾರು, 10 ತಿಂಗಳ ಅಡ್ವಾನ್ಸ್. ತಿಂಗಳಿಗೆ 30,000 ರೂಪಾಯಿಯ ಕೋಣೆಗೆ ಕಾಲಿಡುವ ಮೊದಲೇ 3 ಲಕ್ಷ ಹೋಗುತ್ತದೆ. ಹೊಸ ಪ್ರಯೋಗಕ್ಕೆ ಇಟ್ಟುಕೊಂಡ ಹಣ ಮಾಲೀಕರ ಖಾತೆಯಲ್ಲಿ ನಿದ್ದೆ ಮಾಡುತ್ತದೆ. ಪರವಾನಗಿಗೆ ಬೇಕಾದ ಕಾನೂನು ನಮ್ಮಲ್ಲಿ 1882ರಿಂದಲೇ ಇದೆ: ಈಸ್‌ಮೆಂಟ್ಸ್ ಕಾಯ್ದೆಯ 52ನೇ ಕಲಮು. ಮುಂಬೈಯವರು 'ಲೀವ್ ಅಂಡ್ ಲೈಸೆನ್ಸ್' ಎಂದು ದಿನನಿತ್ಯ ಬಳಸುವುದು ಅದನ್ನೇ. ಆದರೆ ಪತ್ರದ ತಲೆಯ ಮೇಲೆ ಪರವಾನಗಿ ಎಂದು ಬರೆದುಬಿಟ್ಟರೆ ಸಾಲದು. ಒಳಗಿರುವವರಿಗೆ ಜಾಗದ ಏಕಮಾತ್ರ ಸ್ವಾಧೀನ ಸಿಕ್ಕಿದ್ದರೆ ಮೇಲ್ನೋಟಕ್ಕೆ ಅದನ್ನು ಬಾಡಿಗೆ ಎಂದೇ ಕೋರ್ಟು ನೋಡುತ್ತದೆ ಎಂಬ ತತ್ವ 1959ರ ಅಸೋಸಿಯೇಟೆಡ್ ಹೋಟೆಲ್ಸ್ ಪ್ರಕರಣದಿಂದ ಗಟ್ಟಿಯಾಗಿದೆ. ಹಾಗಾಗಿ ಪತ್ರದಲ್ಲಿ ಕೆಲವು ವಿವರ ಸ್ಪಷ್ಟವಾಗಿರಬೇಕು. ಹೊರಬಾಗಿಲಿನ ಒಂದು ಕೀಲಿ ಪರವಾನಗಿ ಕೊಡುವ ಸಂಸ್ಥೆಯ ಬಳಿಯೇ ಇರುತ್ತದೆ. ಬಳಕೆಯ ಗಂಟೆಗಳು ನಿಗದಿ. ಅದೇ ಕಟ್ಟಡದ ಬೇರೆ ಕೋಣೆಗೆ ಸ್ಥಳಾಂತರಿಸುವ ಹಕ್ಕು ಸಂಸ್ಥೆಗಿದೆ. ಗೋಡೆ ಕಟ್ಟುವಂತಿಲ್ಲ, ಬೋಲ್ಟ್ ಬಿಚ್ಚಿ ಒಯ್ಯಬಹುದಾದ ವಿಭಜನೆ ಮಾತ್ರ. ಒಂದು ತಿಂಗಳ ಶುಲ್ಕಕ್ಕಿಂತ ಹೆಚ್ಚು ಠೇವಣಿ ಇಲ್ಲ. ಸರ್ಕಾರಿ ಕಟ್ಟಡವಾದ್ದರಿಂದ, ಹೋಗದೆ ಕೂತವರನ್ನು ತೆರವು ಮಾಡಲು ರಾಜ್ಯದ 1974ರ ಸಾರ್ವಜನಿಕ ಆವರಣಗಳ ಕಾಯ್ದೆಯೂ ಇದೆ. ಖಾಸಗಿ ಮಾಲೀಕರಿಗಿಲ್ಲದ ಅನುಕೂಲ ಇದು.

ಇದು ಎಲ್ಲಿ ಕೆಡುತ್ತದೆ ಎಂಬುದೂ ಗೊತ್ತಿರುವಂಥದ್ದೇ. ಮೊದಲನೆಯದು ಆಡಿಟ್. "ಮಾರುಕಟ್ಟೆ ದರಕ್ಕಿಂತ ಕಡಿಮೆಗೆ ಕೊಟ್ಟು ಸಂಸ್ಥೆಗೆ ನಷ್ಟ ಮಾಡಿದ್ದೀರಿ" ಎಂಬ ಒಂದು ಸಾಲಿಗೆ ಹೆದರಿ ಅಧಿಕಾರಿ ಮಹಡಿಯನ್ನು ಖಾಲಿ ಬಿಡುತ್ತಾರೆ, ಯಾಕೆಂದರೆ ಖಾಲಿ ಬಿಟ್ಟದ್ದಕ್ಕೆ ಯಾರಿಗೂ ಶಿಕ್ಷೆಯಾದದ್ದಿಲ್ಲ. ಇದಕ್ಕೆ ಮದ್ದು ಒಂದು ಸರ್ಕಾರಿ ಆದೇಶ: ಎರಡು ಬಾರಿ ಹರಾಜಿಗಿಟ್ಟೂ ಆರು ತಿಂಗಳು ಬಾಡಿಗೆಗೆ ಹೋಗದ ಮಹಡಿಯ ಮೂಲ ದರವನ್ನು ನಿರ್ವಹಣಾ ವೆಚ್ಚಕ್ಕೆ ಇಳಿಸಲಾಗಿದೆ ಎಂದು ಅದರಲ್ಲಿ ಬರೆದಿರಬೇಕು. ಆಗ ನಷ್ಟದ ಪ್ರಶ್ನೆಯೇ ಏಳುವುದಿಲ್ಲ. ಎರಡನೆಯದು ಪರಿಚಯದವರಿಗೆ ಹಂಚುವುದು. ಅರ್ಹತೆ ಬರೆದಿಟ್ಟು, ಅರ್ಹರೆಲ್ಲರ ನಡುವೆ ಚೀಟಿ ಎತ್ತುವುದೇ ಲೇಸು. ತಜ್ಞರ ಸಮಿತಿ ಅಂದ ಕೂಡಲೇ ಅದೇ ಹತ್ತು ಹೆಸರುಗಳು ಸುತ್ತುತ್ತವೆ. ಮೂರನೆಯದು ಒಳಬಾಡಿಗೆ. ಯಾರಿಗೆ, ಎಂದಿನಿಂದ, ಎಷ್ಟು ಶುಲ್ಕಕ್ಕೆ ಎಂದು ಬಾಗಿಲಿನ ಮೇಲೆ ಕನ್ನಡದಲ್ಲಿ ದಪ್ಪಕ್ಷರದ ಬೋರ್ಡು ಹಾಕಿದರೆ ಅರ್ಧ ಕಾಯಿಲೆ ಅಲ್ಲೇ ವಾಸಿ. ನಾಲ್ಕನೆಯದನ್ನು ಯಾರೂ ಯೋಚಿಸುವುದಿಲ್ಲ: ಕರೆಂಟು ಬಿಲ್ಲು. ಇಡೀ ಕಟ್ಟಡಕ್ಕೊಂದು ಮೀಟರ್ ಇದ್ದರೆ ಆರನೇ ತಿಂಗಳಿಗೆ ಜಗಳ ಖಾಯಂ. ಕೋಣೆಗೊಂದು ಸಬ್-ಮೀಟರ್ ಮೊದಲೇ ಇರಲಿ.

ಯಾವ ಕೋಣೆಗೆ ಯಾವ ಕೆಲಸ ಎಂಬುದನ್ನು ಭಾರ ನಿರ್ಧರಿಸುತ್ತದೆ. ಕಟ್ಟಡಗಳ ಭಾರದ ಭಾರತೀಯ ಮಾನಕವಾದ ಐಎಸ್ 875ರ ಎರಡನೇ ಭಾಗದ ಪ್ರಕಾರ ವಾಸದ ಮಹಡಿಯ ವಿನ್ಯಾಸ ಭಾರ ಚದರ ಮೀಟರಿಗೆ 2 ಕಿಲೋನ್ಯೂಟನ್, ಅಂದರೆ ಹೆಚ್ಚುಕಡಿಮೆ 200 ಕಿಲೋ. ಅಂಗಡಿ ಮಹಡಿಗೆ 4. ಜನ ಎದ್ದು ಓಡಾಡುವ ಸಭಾಂಗಣಕ್ಕೆ, ಹಗುರ ಯಂತ್ರಗಳ ಕಾರ್ಯಾಗಾರಕ್ಕೆ 5. ಮಧ್ಯಮ ಯಂತ್ರಗಳಿಗೆ 7. ಅಂಗಡಿಗೆಂದು ಕಟ್ಟಿದ ಮೇಲ್ಮಹಡಿಗಳಲ್ಲಿ ಹೊಲಿಗೆ, ಎಲೆಕ್ಟ್ರಾನಿಕ್ಸ್, ಅನಿಮೇಷನ್, ಧ್ವನಿಮುದ್ರಣ ಚಿಂತೆಯಿಲ್ಲದೆ ನಡೆಯುತ್ತವೆ. ಹೆಜ್ಜೆಯ ಕುಣಿತವಿರುವ ನೃತ್ಯ, ಯಕ್ಷಗಾನದ ಅಭ್ಯಾಸ ನೆಲಮಹಡಿಗೇ ಬರಬೇಕು, ಇಲ್ಲವೇ ಸ್ಟ್ರಕ್ಚರಲ್ ಇಂಜಿನಿಯರ್ ಲೆಕ್ಕ ಹಾಕಿ ಸಹಿ ಮಾಡಬೇಕು. ಮೂವತ್ತು ಜನ ಒಂದೇ ತಾಳಕ್ಕೆ ನೆಲ ತುಳಿದಾಗ ಬೀಳುವ ಹೊಡೆತ ಅವರ ತೂಕದ ಮೊತ್ತಕ್ಕಿಂತ ಹೆಚ್ಚು. ಲೇತು, ಮಿಲ್ಲಿಂಗು ಕೆಳಗೇ ಇರಲಿ.

ಸದ್ದಿನ ವಿಷಯದಲ್ಲಿ ಬೆಂಗಳೂರು ಹಾದಿ ತಪ್ಪಿದ್ದು ಹೆಚ್ಚು. ಕ್ಯಾಬರೆ, ಡಿಸ್ಕೊ, ಲೈವ್ ಬ್ಯಾಂಡ್‌ಗಳನ್ನು ನಿಯಂತ್ರಿಸಲು ಪೊಲೀಸರು 2005ರಲ್ಲಿ ಹೊರಡಿಸಿದ ಆದೇಶವನ್ನು 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಆದೇಶ ಬರೆದವರ ಕಣ್ಣಿದ್ದದ್ದು ಡ್ಯಾನ್ಸ್ ಬಾರುಗಳ ಮೇಲೆ. ಬಲೆಗೆ ಬಿದ್ದದ್ದು ಗಿಟಾರು ಹಿಡಿದು ಹಾಡುವವರು ಕೂಡ. ಪರವಾನಗಿಗೆ ಓಸಿ ಬೇಕು, ಓಸಿ ಇಲ್ಲ, ಹಾಗಾಗಿ ಆ ವರ್ಷ ಇಂದಿರಾನಗರದ ಎಷ್ಟೋ ವೇದಿಕೆಗಳು ಮೌನವಾದವು. ಮೆಲ್ಬರ್ನ್‌ಗೂ ಇಂಥದ್ದೇ ಗಳಿಗೆ ಬಂದಿತ್ತು. ಲೈವ್ ಸಂಗೀತವಿದ್ದ ಪಬ್‌ಗಳನ್ನೆಲ್ಲ ಅಪಾಯಕಾರಿ ಪಟ್ಟಿಗೆ ಸೇರಿಸಿ ಕಾವಲುಗಾರರನ್ನು ಇಡಲೇಬೇಕೆಂದಾಗ, 2010ರ ಜನವರಿಯಲ್ಲಿ ಕಾಲಿಂಗ್‌ವುಡ್‌ನ ಟೋಟ್ ಹೋಟೆಲ್ ಬಾಗಿಲು ಹಾಕಿತು. ಮುಂದಿನ ತಿಂಗಳು ಸುಮಾರು 20,000 ಜನ ಬೀದಿಗಿಳಿದರು. 2014ರಲ್ಲಿ, ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯ ಯೋಜನಾ ನಿಯಮಕ್ಕೇ ತಿದ್ದುಪಡಿ ತಂದಿತು: ಬದಲಾವಣೆ ತರುವವರೇ ಹೊಣೆ. ಹಳೆಯ ಸಂಗೀತ ವೇದಿಕೆಯ 50 ಮೀಟರ್ ಒಳಗೆ ಹೊಸ ಅಪಾರ್ಟ್‌ಮೆಂಟ್ ಕಟ್ಟಿದರೆ ಕಿಟಕಿಗೆ ಜೋಡಿ ಗಾಜು ಹಾಕುವ ಖರ್ಚು ಬಿಲ್ಡರ್‌ನದು. ವಸತಿ ಬೀದಿಯಲ್ಲಿ ಹೊಸ ವೇದಿಕೆ ಬಂದರೆ ಗೋಡೆ ಬಲಪಡಿಸುವ ಖರ್ಚು ವೇದಿಕೆಯದು.

ಈ ಸೂತ್ರ ಕೋರಮಂಗಲಕ್ಕೂ ಹೊಂದುತ್ತದೆ, ಒಂದು ಷರತ್ತಿನ ಮೇಲೆ: ಅಳತೆ ಸರಿಯಾಗಿರಬೇಕು. ನಮ್ಮ 2000ದ ಶಬ್ದಮಾಲಿನ್ಯ ನಿಯಮ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 10ರ ನಂತರ 45 ಡೆಸಿಬೆಲ್ ಎನ್ನುತ್ತದೆ, ಅದೂ ಎ-ತೂಕದ ಮಾಪನದಲ್ಲಿ. ಆ ಮಾಪನ ಕಿವಿಯ ಸೂಕ್ಷ್ಮತೆಯನ್ನು ಅನುಸರಿಸುವುದರಿಂದ ಬೇಸ್ ಸ್ವರಗಳನ್ನು ತೀರಾ ಕಡಿಮೆ ಎಣಿಸುತ್ತದೆ. ಪಕ್ಕದ ಮನೆಯವರ ನಿದ್ದೆ ಕೆಡಿಸುವುದು ಅದೇ ಬೇಸ್. ವಿಕ್ಟೋರಿಯಾದಲ್ಲಿ ರಾತ್ರಿಯ ಸಂಗೀತವನ್ನು ಆಕ್ಟೇವ್ ಪಟ್ಟಿಗಳಾಗಿ, ಅಂದರೆ ತಗ್ಗಿನಿಂದ ಏರುವ ಸ್ವರಗಳ ಗುಂಪುಗಳಾಗಿ ಒಡೆದು, ಆ ಬೀದಿಯ ಸಹಜ ಹಿನ್ನೆಲೆ ಸದ್ದಿಗೆ ಹೋಲಿಸಿ ನೋಡುವುದು ಇದಕ್ಕಾಗಿ. ಕಟ್ಟಡದ ಕಡೆಯಿಂದ ಹೇಳುವುದಾದರೆ, ನಾಲ್ಕೂವರೆ ಇಂಚಿನ ಇಟ್ಟಿಗೆ ಗೋಡೆ ಎರಡೂ ಕಡೆ ಗಾರೆ ಬಳಿದರೆ ಸುಮಾರು 45 ಡೆಸಿಬೆಲ್ ತಡೆಯುತ್ತದೆ, ಬೇಸ್ ಅನ್ನು ಅದಕ್ಕಿಂತ ಬಹಳ ಕಡಿಮೆ. ಒಳಗೆ 100 ಇದ್ದರೆ ಲೆಕ್ಕ ಅಲ್ಲೇ ತಪ್ಪಿತು. ಅದೇ ಗೋಡೆಯ ನೂರರಲ್ಲಿ ಒಂದು ಪಾಲು ವೆಂಟಿಲೇಟರ್ ತೆರೆದಿದ್ದರೆ ಇಡೀ ಗೋಡೆಯ ಬೆಲೆ 20 ಡೆಸಿಬೆಲ್‌ಗೆ ಇಳಿಯುತ್ತದೆ. ಆದ್ದರಿಂದ ಮೊದಲ ಖರ್ಚು ಬಾಗಿಲಿನ ಗ್ಯಾಸ್ಕೆಟ್‌ಗೆ, ಎರಡನೆಯದು ಗಾಳಿದಾರಿಯ ಸೈಲೆನ್ಸರ್‌ಗೆ, ಆಮೇಲೆ ನಡುವೆ ಸಂದು ಬಿಟ್ಟ ಎರಡನೇ ಗೋಡೆಗೆ.

ಸ್ಪಂಜಿನ ಫೋಮ್ ಮತ್ತು ಮೊಟ್ಟೆ ಟ್ರೇ ಮಾತ್ರ ಬೇಡವೇ ಬೇಡ. ಒಳಗಿನ ಪ್ರತಿಧ್ವನಿಯನ್ನು ಅವು ಸ್ವಲ್ಪ ತಗ್ಗಿಸುತ್ತವೆ ನಿಜ, ಹೊರಗೆ ಹೋಗುವ ಸದ್ದನ್ನು ತಡೆಯುವುದಿಲ್ಲ. ಬೆಂಕಿ ಬಿದ್ದರೆ ಕ್ಷಣದಲ್ಲಿ ವಿಷದ ಹೊಗೆ. ಬ್ರೆಜಿಲ್‌ನ ಸಾಂತಾ ಮರಿಯಾದಲ್ಲಿ 2013ರಲ್ಲಿ ಒಂದು ನೈಟ್‌ಕ್ಲಬ್ಬಿನಲ್ಲಿ 242 ಜನ ಸತ್ತದ್ದು ಚಾವಣಿಯ ಫೋಮಿಗೆ ಕಿಡಿ ತಾಗಿ. ಮುಂಬೈನ ಕಮಲಾ ಮಿಲ್ಸ್‌ನಲ್ಲಿ 2017ರ ಡಿಸೆಂಬರ್‌ನಲ್ಲಿ ಬೆಂಕಿಗೆ ಸಿಕ್ಕಿ ಸತ್ತವರು 14 ಜನ. ಬೆಂಗಳೂರಿನ ಪೊಲೀಸ್ ಆದೇಶ ಹಾಡಿನ ಮೇಲೆ ಇಟ್ಟ ಕಣ್ಣನ್ನು ಬಾಗಿಲಿನ ಮೇಲಿಟ್ಟರೆ ಒಳ್ಳೆಯದು. 100 ಜನರವರೆಗಿನ ಕೋಣೆಗೆ ಎದುರುಬದುರಿನಲ್ಲಿ ಎರಡು ದಾರಿ, ಹೊರಗೆ ತೆರೆದುಕೊಳ್ಳುವ ಮೀಟರ್ ಅಗಲದ ಬಾಗಿಲು, ಕಲ್ಲು ಕರಗಿಸಿ ಎಳೆ ತೆಗೆದ ರಾಕ್‌ವೂಲ್‌ನಂಥ ಉರಿಯದ ಸಾಮಗ್ರಿ, ಒಳಗೆ ಇರಬಹುದಾದ ಜನಸಂಖ್ಯೆಯ ಫಲಕ. ಇಷ್ಟಿದ್ದು ರಾತ್ರಿ 10ಕ್ಕೆ ಮುಗಿಯುವ ಕಾರ್ಯಕ್ರಮಕ್ಕೆ ಪರವಾನಗಿ ಬೇಡ, ಠಾಣೆಗೆ ಒಂದು ಮಾಹಿತಿ ಪತ್ರ ಸಾಕು ಎಂದರೆ ಆಗಬಾರದ್ದೇನೂ ಇಲ್ಲ. ಹೊಸ ತಂತ್ರಜ್ಞಾನಕ್ಕೆ ನಿಯಮ ಸಡಿಲಿಸಿ ಪ್ರಯೋಗಕ್ಕೆ ಬಿಡಲೆಂದು ಕರ್ನಾಟಕ 2020ರಲ್ಲಿ ನಾವೀನ್ಯ ಪ್ರಾಧಿಕಾರದ ಕಾಯ್ದೆಯನ್ನೇ ಮಾಡಿದೆ. ಡ್ರೋನಿಗೆ ಸಿಗುವ ಸಲಿಗೆ ತಬಲಕ್ಕೆ ಯಾಕಿಲ್ಲ ಎಂದು ಕೇಳಿದರೆ ತಮಾಷೆ ಅನ್ನಿಸಬಹುದು. ನಾನು ಕೇಳುತ್ತಿರುವುದು ತಮಾಷೆಗಲ್ಲ.

ಮೆಲ್ಬರ್ನ್‌ಗೆ ಇಲ್ಲದ ಒಂದು ಸಂಪತ್ತು ಬೆಂಗಳೂರಿಗಿದೆ. ಎಸ್.ಪಿ. ರಸ್ತೆಯಲ್ಲಿ ಸೆನ್ಸರ್, ಮೋಟಾರು, ಕನೆಕ್ಟರ್ ಕೊಂಡು, ಪೀಣ್ಯದಲ್ಲೋ ಕಾಮಾಕ್ಷಿಪಾಳ್ಯದಲ್ಲೋ ರಾಜಾಜಿನಗರದ ಇಂಡಸ್ಟ್ರಿಯಲ್ ಟೌನಿನಲ್ಲೋ ಡ್ರಾಯಿಂಗ್ ಕೊಟ್ಟರೆ ಒಂದೆರಡು ತುಂಡನ್ನು ಕೂಡ ಜಾಬ್ ವರ್ಕ್‌ಗೆ ತೆಗೆದುಕೊಳ್ಳುವವರಿದ್ದಾರೆ. ಟರ್ನಿಂಗ್ ಒಬ್ಬರದು, ಹೀಟ್ ಟ್ರೀಟ್‌ಮೆಂಟ್ ಮುಂದಿನ ಕ್ರಾಸಿನವರದು, ಗ್ರೈಂಡಿಂಗ್ ಇನ್ನೊಬ್ಬರದು, ಪ್ಲೇಟಿಂಗ್ ಮತ್ತೊಬ್ಬರದು. ಎಚ್ಎಎಲ್, ಎಚ್ಎಂಟಿ, ಬಿಇಎಲ್‌ಗಳ ಸುತ್ತ ಬೆಳೆದ ಕೈಚಳಕ ಇದು. ಆಸ್ಟ್ರೇಲಿಯಾದಲ್ಲಿ ಎರಡೇ ತುಂಡು ಮಾಡಿಕೊಡಿ ಎಂದರೆ ಕೊಟೇಶನ್ ಬರುವುದೇ ತಡ, ಬಂದ ಮೇಲೆ ಕೂಲಿಯ ಸಾಲು ನೋಡಿ ಆಸೆ ಬಿಡಬೇಕು. ಈ ಸರಪಳಿ ಕಡಿಯುವುದು ಅದರ ಅತಿ ಕೊಳಕು ಕೊಂಡಿಯಲ್ಲಿ. ಪ್ಲೇಟಿಂಗ್ ಘಟಕಗಳ ಕ್ರೋಮಿಯಂ ಪೀಣ್ಯದ ಅಂತರ್ಜಲಕ್ಕೆ ಸೇರಿದೆ. ಅವುಗಳಿಗೆ ಒಟ್ಟಾರೆ ಶುದ್ಧೀಕರಣದ ವ್ಯವಸ್ಥೆ ಮಾಡದೆ ಒಂದೊಂದನ್ನೇ ಮುಚ್ಚಿಸಿದರೆ ಉಳಿದ ಮೂರು ಕ್ರಾಸಿನ ಕೆಲಸವೂ ಕೊಯಮತ್ತೂರಿಗೋ ಹೊಸೂರಿಗೋ ಹೋಗುತ್ತದೆ.

ಇನ್ನೊಂದು ಅಪಾಯ ಜಾಗದ ಬೆಲೆ. ರಾಜಾ ಮಿಲ್ ಇದ್ದಲ್ಲಿ ಮಂತ್ರಿ ಸ್ಕ್ವೇರ್ ಬಂತು, ಕಿರ್ಲೋಸ್ಕರ್ ಕಾರ್ಖಾನೆ ಇದ್ದಲ್ಲಿ ಒರಾಯನ್ ಮಾಲ್ ಮತ್ತು ಅಪಾರ್ಟ್‌ಮೆಂಟ್ ಬಂದವು, ಬಿನ್ನಿ ಮಿಲ್ಲಿನ ಕಥೆಯೂ ಅದೇ. ಕೈಗಾರಿಕೆಯ ನೆಲ ವಸತಿಗೆ ಬದಲಾದಾಗ ಒಂದು ಚದರಡಿಯನ್ನೂ ದುಡಿಮೆಗೆ ಉಳಿಸಿ ಎಂದು ನಾವು ಕೇಳಲಿಲ್ಲ. ವಿಕ್ಟೋರಿಯಾದ 'ಕಮರ್ಷಿಯಲ್ 3' ಎಂಬ ವಲಯದಲ್ಲಿ ವಸತಿ ಒಟ್ಟು ಮಹಡಿಯ ಶೇ 35ನ್ನು ಮೀರುವಂತಿಲ್ಲ. ಉಳಿದದ್ದು ಸಣ್ಣ ತಯಾರಿಕೆಗೆ, ಸ್ಟುಡಿಯೋಗಳಿಗೆ, ಕಚೇರಿಗಳಿಗೆ. ಇದನ್ನು ಹಾಗೇ ನಕಲು ಮಾಡಿದರೆ ಏನಾಗುತ್ತದೆ ಎಂದು ಊಹಿಸುವುದು ಕಷ್ಟವಲ್ಲ: ಮೂರು ಮೀಟರ್ ಎತ್ತರದ, ಗಾಜಿನ ಮುಖದ 'ಕ್ರಿಯೇಟಿವ್ ಸ್ಪೇಸ್' ಕಟ್ಟಿ ಜಿಮ್‌ಗೆ ಕೊಡುತ್ತಾರೆ. ಆದ್ದರಿಂದ ಶೇಕಡಾವಾರಿನ ಜೊತೆಗೆ ಕೋಣೆಯ ಗುಣವನ್ನೂ ಬರೆಯಬೇಕು. ನಾಲ್ಕೂವರೆ ಮೀಟರ್ ಎತ್ತರ, ಟೆಂಪೊ ನಿಲ್ಲುವ ಕಡೆಗೆ ರೋಲಿಂಗ್ ಶಟರ್, 5 ಕಿಲೋನ್ಯೂಟನ್ ತಡೆಯುವ ನೆಲ, ಪ್ರತಿ ಘಟಕಕ್ಕೆ ಮೂರು ಫೇಸ್ ಸಂಪರ್ಕ, ಮೇಲ್ಮಹಡಿ ಇದ್ದರೆ ಎರಡು ಟನ್ನಿನ ಲಿಫ್ಟು, ಘಟಕಗಳು 50ರಿಂದ 150 ಚದರ ಮೀಟರ್. ಇಂಥ ಜಾಗಕ್ಕೆ ಕೆಫೆಯವರು ಬರುವುದಿಲ್ಲ, ಬಂದರೂ ಪರವಾಗಿಲ್ಲ.

ರಾತ್ರಿಯ ಸಾರಿಗೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ರಂಗಶಂಕರದ ನಾಟಕ ಏಳೂವರೆಗೆ ಶುರು, ಮೆಟ್ರೋ ಹನ್ನೊಂದರ ಸುಮಾರಿಗೆ ಮುಗಿಯುತ್ತದೆ, ನಾಟಕ ನೋಡಿದವರು ಮನೆ ಮುಟ್ಟಬಹುದು. ಸೆಟ್ಟು ಬಿಚ್ಚಿ ಹೊರಡುವವರ ಪಾಡು ಬೇರೆ. ಮೆಲ್ಬರ್ನ್ 2016ರಿಂದ ಶುಕ್ರವಾರ, ಶನಿವಾರ ರಾತ್ರಿಯಿಡೀ ರೈಲು ಓಡಿಸುತ್ತಿದೆ. ಬೆಂಗಳೂರು ಶನಿವಾರವೊಂದು ದಿನ ಎರಡು ಮೆಟ್ರೋ ಮಾರ್ಗಗಳಲ್ಲಿ ಒಂದೂವರೆವರೆಗೆ ಓಡಿಸಿ ನೋಡಲಿ.

2025ರ ಸೆಪ್ಟೆಂಬರ್‌ನಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳಾದದ್ದರಲ್ಲಿ ನನಗೆ ಕಾಣುವ ಒಂದು ಅನುಕೂಲ ಇದೇ: ಐದೂ ಒಂದೇ ಸಲ ಒಪ್ಪಬೇಕಿಲ್ಲ. ಒಂದು ಪಾಲಿಕೆ ತನ್ನ ಒಂದು ಕಾಂಪ್ಲೆಕ್ಸಿನ ಮೇಲ್ಮಹಡಿಯಲ್ಲಿ ಇಪ್ಪತ್ತು ಕೋಣೆಗಳಿಂದ ಶುರುಮಾಡಬಹುದು.

ದೊಡ್ಡ ಶೆಡ್ಡುಗಳ ವಿಷಯಕ್ಕೆ ಮಾತ್ರ ಬೇರೆ ಎಚ್ಚರ ಬೇಕು. ಮೆಲ್ಬರ್ನ್‌ನ ಯಾರಾ ನದಿಯ ದಂಡೆಯಲ್ಲಿ ಸುಮಾರು 17 ಎಕರೆಯ ಅಬಟ್ಸ್‌ಫರ್ಡ್ ಕಾನ್ವೆಂಟ್ ಇದೆ. 1997ರಲ್ಲಿ ಅಲ್ಲಿ ಅಪಾರ್ಟ್‌ಮೆಂಟ್ ಕಟ್ಟುವ ಯೋಜನೆ ಬಂದಾಗ ಸುತ್ತಲಿನವರು ಏಳು ವರ್ಷ ಹೋರಾಡಿದರು. 2004ರಲ್ಲಿ ಸರ್ಕಾರ ಅದನ್ನು ಒಂದು ಪ್ರತಿಷ್ಠಾನಕ್ಕೆ ಒಪ್ಪಿಸಿತು. ಬೇಕರಿ, ಶಾಲೆ, ಕೆಫೆಗಳ ಬಾಡಿಗೆ ಸ್ಟುಡಿಯೋಗಳನ್ನು ಸಾಕುತ್ತದೆ. ಮಲ್ಲೇಶ್ವರದ ಮೈಸೂರು ಲ್ಯಾಂಪ್ಸ್ ಕಾರ್ಖಾನೆ 21 ಎಕರೆ, 2003ರಿಂದ ಮುಚ್ಚಿದೆ. ಬೈಯಪ್ಪನಹಳ್ಳಿಯ ಟ್ರಾನ್ಸ್‌ಫಾರ್ಮರ್ ಕಾರ್ಖಾನೆ ಎನ್‌ಜಿಇಎಫ್ ನೂರು ಎಕರೆಗೂ ಹೆಚ್ಚು, 2002ರಿಂದ ಮುಚ್ಚಿದೆ. ಎರಡಕ್ಕೂ ಭವ್ಯ ಯೋಜನೆಗಳು ಬರುತ್ತಲೇ ಇವೆ. ಆ ಯೋಜನೆಗಳು ಮುಗಿಯುವವರೆಗೆ ತಲಾ ಎರಡು ಶೆಡ್ಡುಗಳನ್ನು 30 ದಿನದ ಪರವಾನಗಿಯಲ್ಲಿ ತೆರೆಯಬಹುದು, ಆದರೆ ಪರೀಕ್ಷೆ ಮೊದಲು. ಟ್ಯೂಬ್‌ಲೈಟ್ ಮಾಡಿದ ಜಾಗದಲ್ಲಿ ಪಾದರಸಕ್ಕಾಗಿ, ಟ್ರಾನ್ಸ್‌ಫಾರ್ಮರ್ ಮಾಡಿದ ಜಾಗದಲ್ಲಿ ಹಳೇ ಎಣ್ಣೆಯ ಪಿಸಿಬಿ ರಾಸಾಯನಿಕಕ್ಕಾಗಿ ನೆಲ ಮತ್ತು ಧೂಳಿನ ಮಾದರಿ ತೆಗೆಯಬೇಕು. ಆ ಕಾಲದ ಶೆಡ್ಡುಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಶೀಟು ಸಾಮಾನ್ಯ. ಇದ್ದರೆ ಕೊರೆಯದೆ, ಉಜ್ಜದೆ, ತೇವ ಮಾಡಿ ಇಡಿಯಾಗಿ ಇಳಿಸಬೇಕು. ಈ ಖರ್ಚನ್ನು ಭೂಮಿಯ ಒಡೆಯನಾದ ಸರ್ಕಾರವೇ ಹೊರಬೇಕು. ಪರವಾನಗಿ ಪಡೆಯುವ ನಾಟಕ ತಂಡದ ತಲೆಗೆ ಅದನ್ನು ಕಟ್ಟಿದರೆ ಒಂದು ಅರ್ಜಿಯೂ ಬರುವುದಿಲ್ಲ.